ದುರ್ಗವ್ವನ ಕೈ ಸಪ್ಪಳ

ನಮ್ಮನೆಯವರಿಗೆ ದೇವರು ಎರಡು ಕಿವಿ ಕೊಟ್ಟಿದ್ದಾನೆ, ಆದರೆ ಎರಡೂ ನನ್ನ ಮಾತು ಕೇಳಲು ಕೊಟ್ಟಿದ್ದಲ್ಲ. "ಎಣ್ಣಿ ಮುಗದೈತಿ, ಬರೂ ಮುಂದ ತಗೊಂಡು ಬರ್ರಿ" ಎಂದು ಎಷ್ಟು ಸಲ ಹೇಳಿದರೂ ಅವರಿಗೆ ಕೇಳಿಸುವುದಿಲ್ಲ. ಅದೇ ಖಾಲಿ ಡಬ್ಬಿಯನ್ನು ನಾನು ಸಿಟ್ಟಿನಿಂದ ಕಟ್ಟೆಯ ಮೇಲೆ ಕುಕ್ಕಿದರೆ ಹೊರಗಿನ ಕೋಣೆಯಿಂದ ಓಡಿ ಬರುತ್ತಾರೆ.

"ಸುಮಾ, ಇನ್ನೊಮ್ಮೆ ಕುಕ್ಕು. ಭಾಳ ಚಲೋ ಸಪ್ಪಳ ಬಂತು."

ಹೆಸರು ಸಚಿನ. ಗುಳೇದಗುಡ್ಡದ ಮಗ್ಗದ ಓಣಿಯಲ್ಲಿ, ಕುಪ್ಪಸದ ಖಣ ನೇಯುವವರ ಮನೆಯಲ್ಲಿ ಹುಟ್ಟಿ, ಲಾಳಿ ಹಿಡಿಯುವ ಬದಲು ಕೀಬೋರ್ಡು ಹಿಡಿದವರು. ಗೆಳೆಯ ಮುನಾಫನ ಆರ್ಕೆಸ್ಟ್ರಾದಲ್ಲಿ ಮದುವೆ, ಸೀಮಂತಗಳಿಗೆ ನುಡಿಸುತ್ತಾರೆ. ಉಳಿದ ದಿನ ಓಣಿಯವರು ನೇಯ್ದ ಖಣಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಇಳಕಲ್ಲಿನ ಅಂಗಡಿಗಳಿಗೆ ಮುಟ್ಟಿಸುತ್ತಾರೆ. ಹಾಗೆ ಮುಟ್ಟಿಸಲು ಬಂದಾಗಲೇ ನಮ್ಮಪ್ಪನ ಸೀರೆ ಅಂಗಡಿಯಲ್ಲಿ ನನ್ನನ್ನು ನೋಡಿದ್ದು. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣ ಜೋಡಿಯಾಗುವುದು ಹೊಸದೇನಲ್ಲ ಎಂದು ನಮ್ಮಪ್ಪ ಒಪ್ಪಿಕೊಂಡರು. ಖಣದ ಜೊತೆಗೆ ಇಷ್ಟು ಸಪ್ಪಳವೂ ಬರುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ.

ಈ ವರ್ಷ ಹುಚ್ಚು ಹೆಚ್ಚಾಗಲು ಕಾರಣ ಬಾದಾಮಿಯ ಭುವನೇಶ್ವರಿ ಮೇಡಂ. ಹುಡುಗಿಯರಿಗೆ ಕುಣಿತ ಕಲಿಸುವ ಅವರು ಹೊಸ ಕುಣಿತವೊಂದಕ್ಕೆ ನಮ್ಮವರಿಂದ ಹಾಡು ಕೇಳಿದ್ದರು. "ಕೀಬೋರ್ಡಿನಾಗಿನ ಸಪ್ಪಳ ಬ್ಯಾಡ್ರಿ ಸಚಿನ, ಅದು ಎಲ್ಲಾರ ಕಡೆ ಐತಿ. ನಮ್ಮ ಊರ ಕಡೀದು ಏನರ ಹುಡುಕ್ರಿ" ಎಂದು ಹೇಳಿ ಅವರು ಸುಮ್ಮನಾದರು. ಹುಡುಕುವವನ ಹೆಂಡತಿಯ ಗತಿ ಏನು ಎಂದು ಅವರು ಯೋಚಿಸಲಿಲ್ಲ.

ಮೊದಲು ಬಾದಾಮಿಯ ಹೊಂಡಕ್ಕೆ ಹೋದರು. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸಪ್ಪಳ ಬೆಟ್ಟಕ್ಕೆ ಬಡಿದು ತಿರುಗಿ ಬರುತ್ತದೆ, ಅದನ್ನು ಹಿಡಿಯಬೇಕು ಅಂತ. ಮೈಕಿಗೆ ಗಾಳಿ ತಾಗದಂತೆ ತುಪ್ಪಳದ ಟೊಪ್ಪಿಗೆ ಹಾಕಿದ್ದರು. ಅದೇನೋ ತಿನ್ನುವ ವಸ್ತು ಎಂದುಕೊಂಡು ಮಂಗವೊಂದು ಕಿತ್ತುಕೊಂಡು ಗುಡ್ಡ ಹತ್ತಿತು. ಶಿವಯೋಗ ಮಂದಿರದ ಹತ್ತಿರ ಮಲಪ್ರಭಾ ಹೊಳೆಯ ಸಪ್ಪಳ ಹಿಡಿಯಲು ಹೋಗಿ, ಎಮ್ಮೆ ಮೈ ತೊಳೆಯುತ್ತಿದ್ದವನ ಬೈಗುಳ ಹಿಡಿದುಕೊಂಡು ಬಂದರು. ಬೀರಪ್ಪನ ಗುಡಿಯ ಡೊಳ್ಳಿನ ಕಾಳಪ್ಪನನ್ನು ಕೇಳಿದರೆ ಅವನು ನಕ್ಕು, ಡೊಳ್ಳನ್ನು ಇವರ ಕೊರಳಿಗೇ ಹಾಕಿ "ಬಡೀರಿ" ಎಂದನಂತೆ. ಆಮೇಲೆ ವಾರವಿಡೀ ನಾನು ಹೆಗಲಿಗೆ ಎಣ್ಣೆ ತಿಕ್ಕಿದೆ. ಆ ಎಣ್ಣೆಯನ್ನೂ ನಾನೇ ತಂದಿದ್ದು.

ಹೀಗೆ ಊರೂರು ತಿರುಗಿ ಬಂದ ಮನುಷ್ಯ, ಒಂದು ನಸುಕಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮದುವೆಯಾದ ಹೊಸದರಲ್ಲಿಯೂ ಹಾಗೆ ನೋಡಿರಲಿಲ್ಲವಲ್ಲ ಎಂದು ನನಗೆ ನಾಚಿಕೆಯೇ ಆಯಿತು. ಅವರು ನೋಡುತ್ತಿದ್ದುದು ನನ್ನನ್ನಲ್ಲ, ರೊಟ್ಟಿ ಬಡಿಯುವ ಕಲ್ಲನ್ನು.

"ಸುಮಾ, ಸುಮ್ಮನ ಇರು. ಕೇಳು."

ಕೇಳಿದೆ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಎದುರು ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಓಣಿಯ ಆ ತುದಿಯವರೆಗೆ ಎಲ್ಲ ಕಡೆ ರೊಟ್ಟಿ ಬಡಿಯುವ ಸಪ್ಪಳ. ಒಂದು ಮನೆಯದು ಅವಸರದ್ದು, ಒಂದು ನಿಧಾನದ್ದು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಟ್ಟಿಗೆಯ ಹಲಗೆ. ದಿನಾ ಕೇಳಿದ್ದೇ ಆದರೂ ಆವತ್ತು ಕಿವಿಗೊಟ್ಟು ಕೇಳಿದಾಗ ನನಗೂ ಮೈ ಜುಮ್ಮೆಂದಿತು. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ಹಿಡಿಯುವವರು ಯಾರು?

ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಸಚಿನ ಎಲ್ಲರ ಮನೆಯ ರೊಟ್ಟಿ ಸಪ್ಪಳವನ್ನು ಹಾಡಿಗೆ ಹಾಕುತ್ತಾನಂತೆ. ಮೊದಲು ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಬಂದರು. "ನಮ್ಮನಿಗೆ ಯಾವಾಗ ಬರ್ತೀಪಾ?" ಎಂದು ಪಕ್ಕದ ಮನೆಯ ಮಲ್ಲಮ್ಮ ಕೇಳಿದರೆ, "ನಂದು ಕಲ್ಲ ಹೊಸಾದು, ಸ್ವಲ್ಪ ಹಳೇದಾಗ್ಲಿ ತಡಿ" ಎಂದು ಇನ್ನೊಬ್ಬರು ಹೇಳಿದರು.

ಎಲ್ಲರಿಗಿಂತ ಮೊದಲು ಬಂದವರು ದುರ್ಗವ್ವತ್ತೆ. ಎದುರು ಮನೆಯವರು, ಸಂಬಂಧದಲ್ಲಿ ನಮ್ಮವರಿಗೆ ದೊಡ್ಡವ್ವ. ಅವರ ಯಜಮಾನರು ಅಂದಾನಪ್ಪ ಮಾವ, ಓಣಿಯಲ್ಲಿ ಇನ್ನೂ ಕೈಮಗ್ಗ ಬಿಡದ ಕೆಲವರಲ್ಲಿ ಒಬ್ಬರು. ಮಾವನದು ಮೀಸೆ ದೊಡ್ಡದು, ಮಾತು ಕಡಿಮೆ. ಮನೆಗೆ ಬೇಕಾದ ಮಾತನ್ನೆಲ್ಲ ಅತ್ತೆಯೇ ಆಡಿ ಮುಗಿಸುತ್ತಾರೆ. ಅತ್ತೆಗೆ ರೊಟ್ಟಿಯಿಂದ ಹೆಸರು. ಓಣಿಯಲ್ಲಿ ಮದುವೆಯಾದರೆ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಾರೆ, ಆ ಸಾಲಿನಲ್ಲಿ ಒಲೆಯ ಪಕ್ಕದ ಮೊದಲ ಜಾಗ ಅವರದ್ದು. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದರು. ಪಟ್ಟಿ ಬಿಚ್ಚಿದ ದಿನವೇ "ಕೈ ಮದಲಿನಕಿಂತ ಗಟ್ಟಿ ಆಗೇತಿ" ಎಂದು ಓಣಿಗೆಲ್ಲ ಸಾರಿದರು. ಆಮೇಲೆ ಬಂದ ಮದುವೆಗಳಲ್ಲಿ ಮಾತ್ರ ಒಂದಕ್ಕೆ ಉಪವಾಸ ಅಡ್ಡ ಬಂತು, ಇನ್ನೊಂದಕ್ಕೆ ಬೀಗರು.

"ಸಚಿನಾ, ನನ್ನ ರೊಟ್ಟಿ ಇಲ್ದ ಈ ಓಣಿ ಹಾಡು ಹಾಡೇನು? ನಂದು ಎಲ್ಲಾರಕಿಂತ ಮುಂದ ಇರ್ಬೇಕು" ಎಂದು ಅತ್ತೆ ಸೆರಗು ಬಿಗಿದುಕೊಂಡು ಹೇಳಿದರು. ಆಮೇಲೆ ದನಿ ಸ್ವಲ್ಪ ಇಳಿಸಿ, "ಖರೇ ಹೇಳ್ತೇನಿ, ನನಗ ಭಾಳ ಆಸೆ ಐತಿಪಾ. ನಾ ಹಾಡಾಕ ಬಂದಾಕಿ ಅಲ್ಲ, ಓದಾಕ ಬಂದಾಕಿ ಅಲ್ಲ. ಏನ ಹೆಸರು ಮಾಡಿದ್ರೂ ಈ ಕೈಲೆ ಮಾಡೇನಿ. ನಾ ಹೋದ ಮ್ಯಾಲೂ ಅದು ಯಾರ ಕಿವ್ಯಾಗರ ಇರ್ಲಿ" ಎಂದರು.

"ಆತು ದೊಡ್ಡವ್ವ. ನಾಳಿ ನಸುಕಿಗೆ ಅಡಗಿ ಮನಿಗೆ ಬರ್ತೇನಿ."

"ಒಳಗ ಬರಬ್ಯಾಡ! ನಾ ಬಡಿಯೋ ಮುಂದ ಯಾರರ ನೋಡಿದ್ರ ರೊಟ್ಟಿ ಹರೀತಾವು. ನಿನ್ನ ಡಬ್ಬಿ ಕಿಡಕ್ಯಾಗ ಇಟ್ಟು ಹೊರಗ ನಿಂದ್ರು."

ಮರುದಿನ ನಾವಿಬ್ಬರೂ ಅವರ ಕಿಟಕಿಯ ಕೆಳಗೆ ಕಳ್ಳರ ಹಾಗೆ ಕೂತೆವು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಎರಡು ಹಗುರ ಏಟು, ಒಂದು ಭಾರದ ಏಟು, ಸ್ವಲ್ಪ ಬಿಡುವು. ಮತ್ತೆ ಎರಡು ಹಗುರ, ಒಂದು ಭಾರ. ನಮ್ಮವರು ಕಣ್ಣು ಮುಚ್ಚಿ ತಲೆ ಆಡಿಸತೊಡಗಿದರು.

"ಕೇಳಾಕತ್ತೈತೇನು?" ಎಂದು ಅತ್ತೆ ಒಳಗಿನಿಂದ ಕೂಗಿದರು. ದನಿ ಬಾಗಿಲ ಹತ್ತಿರದಿಂದ ಬಂತು, ಏಟು ಒಲೆಯ ಹತ್ತಿರದಿಂದ ಬರುತ್ತಲೇ ಇತ್ತು. ನಾನು ಅದನ್ನು ಗಮನಿಸಿದೆ. ಆದರೆ ನಸುಕಿನಲ್ಲಿ ಚಹಾ ಕುಡಿಯದ ನನ್ನ ತಲೆ ಅಷ್ಟು ದೂರ ಓಡಲಿಲ್ಲ.

ಮನೆಗೆ ಬಂದವರೇ ನಮ್ಮವರು ಹೆಡ್‌ಫೋನು ಏರಿಸಿ ಕೂತರು. "ಸುಮಾ, ಸಿಕ್ಕಿತು. ಇಡೀ ಹಾಡು ದೊಡ್ಡವ್ವನ ರೊಟ್ಟಿ ಮ್ಯಾಲ ನಿಂದರ್ತೈತಿ. ಉಳದವ್ರದ್ದು ಎಲ್ಲಾ ಅದರ ಸುತ್ತ." ಅವರ ಮುಖ ನೋಡಿದರೆ ಗಂಡನಿಗೆ ಬೈಯಲು ಇಟ್ಟುಕೊಂಡಿದ್ದ ಮಾತು ನನಗೆ ಮರೆತೇ ಹೋಯಿತು. ಅಷ್ಟು ಖುಷಿಯಾಗಿದ್ದರು.

ಹಾಡು ಬಾದಾಮಿಗೆ ಹೋಗುವ ಮೊದಲು ಓಣಿಯವರು ಕೇಳಬೇಕಲ್ಲ? ಅಮಾವಾಸ್ಯೆಯ ದಿನ ಗೊತ್ತು ಮಾಡಿದರು. ನಮ್ಮಲ್ಲಿ ಆವತ್ತು ಮಗ್ಗ ನಿಲ್ಲಿಸುತ್ತಾರೆ, ಓಣಿಗೆ ಓಣಿಯೇ ಬಿಡುವಾಗಿರುತ್ತದೆ. ಮುನಾಫ ತನ್ನ ಆರ್ಕೆಸ್ಟ್ರಾದ ದೊಡ್ಡ ಸ್ಪೀಕರನ್ನು ತಂದು ದುರ್ಗವ್ವತ್ತೆಯ ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟ. ಹೆಂಗಸರು ಚಾಪೆ ಹಾಸಿ ಕೂತರು. ಅತ್ತೆ ಹೊಸ ಸೀರೆ ಉಟ್ಟು ಎಲ್ಲರ ಮುಂದೆ ಕೂತರು. ಅಂದಾನಪ್ಪ ಮಾವ ದೂರ, ತಮ್ಮ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ, ಈ ಗದ್ದಲಕ್ಕೂ ತಮಗೂ ಸಂಬಂಧವಿಲ್ಲ ಎನ್ನುವ ಹಾಗೆ ಮೀಸೆ ತೀಡುತ್ತಾ ಕೂತಿದ್ದರು.

ನಮ್ಮವರು ಸಣ್ಣ ಭಾಷಣಕ್ಕೆ ತಯಾರಾಗಿದ್ದರು. ಯಾರೂ ಬಿಡಲಿಲ್ಲ. "ಹಚ್ಚಪಾ ಮದಲ" ಎಂದರು. ಹಚ್ಚಿದರು.

ಆಗ ನಡೆದದ್ದನ್ನು ನಮ್ಮವರು ಜನ್ಮದಲ್ಲಿ ಮರೆಯಲಾರರು. ಇಷ್ಟು ದಿನ ಊಟ ಬಿಟ್ಟು ಮಾಡಿದ ಹಾಡು, ಅದರ ರಾಗ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರೂ ಯಾರ ರೊಟ್ಟಿ ಎಲ್ಲಿದೆ ಎಂದು ಹುಡುಕುತ್ತಿದ್ದರು.

"ಅದು ನಂದ! ಕೇಳ್ರಿ, ಅದು ನಂದ!" ಎಂದು ಮಲ್ಲಮ್ಮ ಎದ್ದೇ ನಿಂತಳು.

"ಇದು ಯಾರದು, ಹೆದರಿ ಹೆದರಿ ಬಡದಂಗ ಐತಿ?"

"ಮತ್ಯಾರದು? ಇಳಕಲ್ಲದಾಕಿದು. ರೊಟ್ಟಿಗೆ ನೋವಾದೀತು ಅಂತ ಬಡೀತಾಳ."

ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನನ್ನ ರೊಟ್ಟಿಗೆ ಈ ಓಣಿಯಲ್ಲಿ ಇನ್ನೂ ಮರ್ಯಾದೆ ಹುಟ್ಟಿಲ್ಲ. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ಹಾಡಿನ ನಡುಭಾಗ ಬಂತು. ಉಳಿದ ಸಪ್ಪಳಗಳೆಲ್ಲ ಹಿಂದೆ ಸರಿದು ಒಂದೇ ಕೈ ಉಳಿಯಿತು. ಎರಡು ಹಗುರ, ಒಂದು ಭಾರ, ಬಿಡುವು.

"ಇದು ದುರ್ಗವ್ವ ದೊಡ್ಡವ್ವಂದು" ಎಂದು ನಮ್ಮವರು ಹೆಮ್ಮೆಯಿಂದ ಹೇಳಿದರು. ಅತ್ತೆ ಸೆರಗು ಸರಿಪಡಿಸಿಕೊಂಡರು.

"ಅಲ್ಲ" ಎಂದು ಒಂದು ದನಿ ಬಂತು.

ಅದು ರಮಾಬಾಯಿ. ದುರ್ಗವ್ವತ್ತೆಯ ಗೋಡೆಗೆ ಗೋಡೆ ಹಚ್ಚಿದ ಮನೆಯವರು. ಇಬ್ಬರಿಗೂ ಎಷ್ಟು ವರ್ಷದಿಂದ ಜಗಳವೋ, ಎಷ್ಟು ವರ್ಷದಿಂದ ಸಾರಿನ ಬಟ್ಟಲು ಗೋಡೆಯ ಮೇಲಿಂದ ದಾಟುತ್ತಿದೆಯೋ, ಲೆಕ್ಕ ಇಟ್ಟವರಿಲ್ಲ.

"ಏನ ಅಲ್ಲ?" ಅತ್ತೆ ತಿರುಗಿದರು.

"ನಿನ್ನ ಕೈ ಅಲ್ಲ ಅದು."

"ನನ್ನ ಕೈ ನನಗ ಗೊತ್ತಿಲ್ಲೇನು? ನೀ ಹೇಳ್ಬೇಕೇನು?"

"ನಾನ ಹೇಳ್ಬೇಕು. ನೀ ಬಡೀತಿ, ಕೇಳಾಕಿ ನಾನು. ಈ ಊರಿಗೆ ಸೊಸಿ ಆಗಿ ಬಂದಾಗಿಂದ ದಿನಾ ನಸುಕಿಗೆ ನನ್ನ ನಿದ್ದಿ ಕೆಡಿಸಿದ ಕೈ ನನಗ ಗೊತ್ತಾಗೂದಿಲ್ಲೇನು? ನೀ ಶುರು ಮಾಡೂ ಮುಂದ ಸಾವಕಾಶ, ಆಮ್ಯಾಲ ಯಾರನ್ನೋ ಬೈದಂಗ ದಬದಬ, ಹಂಚಿಗೆ ಹಾಕೂಕಿಂತ ಮದಲ ಜೋಡಿ ಏಟು ಹೊಡೀತಿ. ಇದರಾಗ ಜೋಡಿ ಏಟು ಎಲ್ಲೈತಿ? ಮಳಿಗಾಲದಿಂದ ಸಪ್ಪಳ ಬ್ಯಾರೆ ಆಗಿತ್ತು. ಕೈ ಮುರದಿತ್ತಲ್ಲ, ಅದಕ್ಕ ಬದಲಾಗೇತಿ ಅಂದ್ಕೊಂಡಿದ್ದೆ. ಈಗ ಈ ದೊಡ್ಡ ಪೆಟಿಗ್ಯಾಗ ಕೇಳಿದ್ರ ಗೊತ್ತಾತು. ಇದು ಬ್ಯಾರೆಯವ್ರ ಕೈ."

"ಹೌದವಾ, ಇದು ರೊಟ್ಟಿ ಬಡದಂಗ ಇಲ್ಲ" ಎಂದು ಮಲ್ಲಮ್ಮ ತಲೆ ತೂಗಿದಳು. "ಇದು ಮಗ್ಗ ಹೊಡದಂಗ ಐತಿ."

ಆಡಿದ ಮೇಲೆ ಅವಳಿಗೇ ತನ್ನ ಮಾತು ಅರ್ಥವಾಯಿತು. ಎಲ್ಲರಿಗೂ ಅರ್ಥವಾಯಿತು. ಹಗ್ಗ ಎಳೆದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಎರಡು ಹಗುರ ಸಪ್ಪಳ, ಆಮೇಲೆ ನೂಲನ್ನು ಒತ್ತುವ ಭಾರದ ಏಟು, ಆಮೇಲೆ ಕಾಲು ಬದಲಿಸುವ ಬಿಡುವು. ನೇಯುವವರ ಓಣಿಗೆ ಇದನ್ನು ಬಿಡಿಸಿ ಹೇಳಬೇಕೇ? ಎಲ್ಲರ ತಲೆಯೂ ಒಂದೇ ಸಲ ಹೊಸ್ತಿಲ ಕಡೆ ತಿರುಗಿತು. ಅಂದಾನಪ್ಪ ಮಾವ ಮೀಸೆ ತೀಡುತ್ತಲೇ ಇದ್ದರು. ಆದರೆ ಕೆಳಗೆ ಅವರ ಬಲಗಾಲು ಹಾಡಿನ ಬಿಡುವು ಬಂದಾಗಲೆಲ್ಲ ನೆಲವನ್ನು ಒತ್ತುತ್ತಿತ್ತು, ಮಗ್ಗದ ಕುಣಿಯಲ್ಲಿ ಒತ್ತುವ ಹಾಗೆ.

ನಗೆ ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಮುನಾಫ ಸ್ಪೀಕರಿನ ಹಿಂದೆ ಮುಖ ಮುಚ್ಚಿಕೊಂಡ. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

"ನಾನ ಬಡದದ್ದು!" ಎಂದು ದುರ್ಗವ್ವತ್ತೆ ಕೂಗಿದರು. ಮುಖ ಕೆಂಪಾಗಿತ್ತು. "ಯಾಕ ನಗ್ತೀರಿ? ನಾನ ಬಡದದ್ದು ಅಂದ್ರ ನಾನ!"

"ಹಂಗಾರ ಒಂದು ರೊಟ್ಟಿ ಬಡದು ತೋರ್ಸು, ಮುಗೀತಲ್ಲ" ಎಂದರು ರಮಾಬಾಯಿ.

ಅತ್ತೆ ಹಿಂದೆ ಸರಿಯುವವರಲ್ಲ. ಅಂಗಳಕ್ಕೇ ಕಲ್ಲು ಬಂತು, ಮಲ್ಲಮ್ಮನ ಮನೆಯಿಂದ ನಾದಿದ ಹಿಟ್ಟು ಬಂತು. ಅತ್ತೆ ಹೊಸ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಕೂತು ಉಂಡೆ ಹಿಡಿದರು. ಎಡಗೈಯಿಂದ ತಿರುಗಿಸುತ್ತಾ ಬಲಗೈ ಎತ್ತಿದರು. ಮೊದಲ ಏಟು ಬಿತ್ತು, ಹಸಿ ಬಟ್ಟೆ ನೆಲಕ್ಕೆ ಬಿದ್ದ ಹಾಗೆ. ಇನ್ನೊಂದು ಬಿತ್ತು. ಮುಂಗೈ ಬಾಗಲಿಲ್ಲ, ಬೆರಳು ಬಿಚ್ಚಿಕೊಳ್ಳಲಿಲ್ಲ. ತುಟಿ ಕಚ್ಚಿ ಇನ್ನೊಮ್ಮೆ ಜೋರಾಗಿ ಹೊಡೆದರು, ರೊಟ್ಟಿ ಅಂಚಿನಿಂದ ನಡುವಿನವರೆಗೂ ಹರಿಯಿತು.

ಯಾರೂ ನಗಲಿಲ್ಲ. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ರಮಾಬಾಯಿಯ ಮುಖವಂತೂ ತಾವೇ ಏಟು ತಿಂದವರ ಹಾಗಿತ್ತು.

ಅಂದಾನಪ್ಪ ಮಾವ ಎದ್ದು ಬಂದು ಹೆಂಡತಿಯ ಹಿಂದೆ ನಿಂತರು. ಅವರು ಅಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ನಾನ ಬಡದದ್ದು. ಮಳಿಗಾಲದಿಂದ ದಿನಾ ನಾನ ಬಡಿಯಾಕತ್ತೇನಿ. ಆಕಿ ಕೈಗೆ ಬಲ ಬರವಲ್ದು. ಏನೀಗ?"

"ಏನಿಲ್ಲ ಬಿಡ್ರಿ ಅಣ್ಣಾರ" ಎಂದಳು ಮಲ್ಲಮ್ಮ. "ನಮ್ಮನ್ಯಾವ್ರನ್ನೂ ನಾಕ ದಿನ ನಿಮ್ಮ ಕಡೆ ಕಳಸ್ತೇನಿ, ಸ್ವಲ್ಪ ಕಲಿಸಿ ಕೊಡ್ರಿ. ಅವ್ರಿಗೆ ರೊಟ್ಟಿ ಮುರಿಯಾಕ ಅಷ್ಟ ಬರ್ತೈತಿ."

ಹೆಂಗಸರು ಮತ್ತೆ ನಕ್ಕರು, ಈ ಸಲ ಬೇರೆ ನಗೆ. ಗಂಡಸರು ಒಬ್ಬೊಬ್ಬರಾಗಿ ಚಹಾದ ನೆಪ ಹೇಳಿ ಜಾಗ ಖಾಲಿ ಮಾಡತೊಡಗಿದರು. ಮಾವನ ಮೀಸೆಯ ಕೆಳಗೂ ಸಣ್ಣದೊಂದು ನಗು ಕಂಡಿತು. ಅವರ ಗುಟ್ಟು ಅಲ್ಲಿಗೆ ಹಗುರಾಯಿತು. ಆದರೆ ದುರ್ಗವ್ವತ್ತೆ ನಗಲಿಲ್ಲ. ಹರಿದ ರೊಟ್ಟಿಯನ್ನು ಮತ್ತೆ ಉಂಡೆ ಮಾಡುತ್ತಾ ತಲೆ ತಗ್ಗಿಸಿ ಕೂತಿದ್ದರು.

"ಸಚಿನಾ, ಅದನ್ನ ತಗದು ಬಿಡಪಾ" ಎಂದರು. "ನಂದಲ್ಲ ಅದು. ಮಂದಿ ಮುಂದ ಸುಳ್ಳ ಹೇಳಿದೆ."

ನಮ್ಮವರು ನನ್ನ ಮುಖ ನೋಡಿದರು. ಆ ಕೈ ತೆಗೆದರೆ ಹಾಡೇ ಕೂತುಬಿಡುತ್ತದೆ ಎಂದು ನನಗೂ ಗೊತ್ತಿತ್ತು. "ದೊಡ್ಡವ್ವ, ದೊಡ್ಡಪ್ಪನ ಹೆಸರಿಲೆ ಇರ್ಲಿ ಬಿಡು" ಎಂದರು ಮೆಲ್ಲಗೆ.

"ಇರ್ಲಿ. ಅವರದು ಇರ್ಲಿ, ಅವರು ನನ್ನ ಸಲುವಾಗೇ ಬಡದಾರ." ಅತ್ತೆಯ ದನಿ ಒಡೆಯಿತು. "ನನಗ ಅದರ ಸಂಕಟ ಇಲ್ಲಪಾ. ಮಳಿಗಾಲದಿಂದ ನನ್ನ ಸಪ್ಪಳ ಓಣ್ಯಾಗಿಂದ ಹೋಗೇತಿ. ಎಲ್ಲಿ ಹೋತು ಅಂತ ಒಬ್ಬರೂ ಕೇಳ್ಲಿಲ್ಲ. ಗೊತ್ತಾಗ್ಬಾರ್ದು ಅಂತ ಬಾಗಲ ಹಾಕ್ಕೊಂಡಾಕಿ ನಾನ. ಆದ್ರ ಖರೇನ ಯಾರಿಗೂ ಗೊತ್ತಾಗ್ಲಿಲ್ಲ ನೋಡು, ಅದ ಭಾಳ ಕೆಟ್ಟ ಅನಿಸ್ತು. ಇನ್ನ ಮ್ಯಾಲ ಅದು ಯಾರಿಗೆ ನೆನಪಿರ್ತೈತಿ? ನನಗ ಅದು ಹೆಂಗಿತ್ತೋ ಗೊತ್ತಿಲ್ಲ. ನಾ ಬಡದೇನಿ, ಎಂದೂ ಕೇಳಿಲ್ಲ."

ನನ್ನ ಕಣ್ಣು ತುಂಬಿ ಬಂತು. ಸಪ್ಪಳ ಹುಡುಕುತ್ತಾ ಬೆಟ್ಟ, ಹೊಳೆ ಎಲ್ಲ ಸುತ್ತಿದ ನಮ್ಮವರ ಹತ್ತಿರ ಈ ಒಂದು ಸಪ್ಪಳ ಇರಲಿಲ್ಲ. ಎದುರು ಮನೆಯದನ್ನು ಯಾರು ಹಿಡಿದಿಡುತ್ತಾರೆ?

"ಸರಿ ಅತ್ತಾಗ" ಎಂದರು ರಮಾಬಾಯಿ.

ಸೆರಗು ಸೊಂಟಕ್ಕೆ ಬಿಗಿದು ಕಲ್ಲಿನ ಮುಂದೆ ಕೂತರು. ಅತ್ತೆಯ ಕೈಯಿಂದ ಉಂಡೆ ಕಸಿದುಕೊಂಡರು.

"ಯಾರಿಗೂ ಗೊತ್ತಿಲ್ಲ ಅಂತಾಳ. ನಾ ಸತ್ತು ಹೋಗೇನೇನು?"

ಬಡಿಯತೊಡಗಿದರು. ಮೊದಲು ಸಾವಕಾಶ, ಹಿಟ್ಟಿನ ಜೊತೆ ಮಾತಾಡುವ ಹಾಗೆ. ಆಮೇಲೆ ಕೈ ಏರಿತು. ಅದು ರಮಾಬಾಯಿಯ ಕೈ ಅಲ್ಲವೇ ಅಲ್ಲ, ಅವರ ರೊಟ್ಟಿಯ ಸಪ್ಪಳ ಈಗತಾನೇ ಸ್ಪೀಕರಿನಲ್ಲಿ ಕೇಳಿದ್ದೆವಲ್ಲ, ಅದು ಸಣ್ಣದು, ನಾಜೂಕಿನದು. ಇದು ದಬದಬ, ಬೆನ್ನು ನೆಟ್ಟಗೆ, ಗದ್ದ ಮೇಲೆ, ಪಕ್ಕಾ ದುರ್ಗವ್ವತ್ತೆಯ ಗತ್ತು. ಸೊಸೆಯಂದಿರು ಕಿಸಕ್ಕೆಂದರು. ಕೊನೆಗೆ ಜೋಡಿ ಏಟು ಬಿತ್ತು.

ಅತ್ತೆ ಬಾಯಿ ತೆರೆದು ನೋಡುತ್ತಿದ್ದರು.

"ನಾ ಅಷ್ಟ ಸೆಟಗೊಂಡು ಬಡೀತಿದ್ದಿಲ್ಲ" ಎಂದರು.

"ಬಡೀತಿದ್ದಿ. ನನ್ನ ಜೋಡಿ ಜಗಳ ಆದ ಮರುದಿನ ಇನ್ನೂ ಜೋರ. ಗೋಡಿ ಮ್ಯಾಲಿನ ನನ್ನ ಡಬ್ಬಿ ಅಳಗ್ಯಾಡ್ತಿದ್ವು."

"ಹೊಳ್ಳಿಸೂ ಮುಂದ ಸ್ವಲ್ಪ ತಡೀತಿದ್ದೆ ಅನಸ್ತೈತಿ."

"ತಡೀತಿದ್ದಿ. ಮರತೆ. ತಡಿ, ಇನ್ನೊಮ್ಮೆ."

ಇಷ್ಟೆಲ್ಲ ನಡೆಯುವಾಗ ನಮ್ಮ ಸಪ್ಪಳದ ಭಕ್ತರು ಏನು ಮಾಡುತ್ತಿದ್ದರು? ಬಾಯಿ ತೆರೆದುಕೊಂಡು ಕೂತಿದ್ದರು, ಫೋನು ಜೇಬಿನಲ್ಲೇ ಇತ್ತು. ನಾನೇ ಅವರ ಜೇಬಿನಿಂದ ಫೋನು ಎಳೆದು, ಒತ್ತಬೇಕಾದ್ದನ್ನು ಒತ್ತಿ, ಕಲ್ಲಿನ ಪಕ್ಕದಲ್ಲಿ ಇಟ್ಟೆ. ಮುನಾಫ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

ರಮಾಬಾಯಿ ಹೊಸ ಉಂಡೆ ಹಿಡಿದರು. ಈ ಸಲ ಅಣಕ ಇರಲಿಲ್ಲ. ದುರ್ಗವ್ವತ್ತೆ ಕಣ್ಣು ಮುಚ್ಚಿ, ಕಿವಿ ಅತ್ತ ವಾಲಿಸಿ ಕೂತರು. ಮಗ್ಗಗಳಿಲ್ಲದ ಓಣಿಯಲ್ಲಿ ಆ ಒಂದು ಕೈಯ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ. ಸಾವಕಾಶ ಶುರುವಾಯಿತು, ಏರಿತು, ಹೊರಳಿಸುವ ಮೊದಲು ಒಂದು ಕ್ಷಣ ತಡೆಯಿತು. ಅತ್ತೆಯ ಕೆನ್ನೆಯ ಮೇಲಿಂದ ನೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

"ಹಾಂ" ಎಂದರು ಕಣ್ಣು ತೆರೆಯದೆ. "ಇದು ನಾನ."

"ನೀನ" ಎಂದು ರಮಾಬಾಯಿ ಇನ್ನೊಂದು ಉಂಡೆ ತೆಗೆದುಕೊಂಡರು. "ಸುಮ್ಮನ ಕುಂತು ಕೇಳು."